ಕೊಸರಿಗೆ ಬಂದ ಗುಬ್ಬಿ

ಕಳೆದ ಜನವರಿಯಲ್ಲಿ ನಮ್ಮ ಗುಬ್ಬಿ ಮಾಸ್ಟ್ರು ತೀರಿಕೊಂಡರು. ಈ ಸಂಚಿಕೆಯ ಸಂಪಾದಕರು ಫೋನ್ ಮಾಡಿ, "ನೀವು ಅವರ ಕ್ಲಾಸಿನವರಲ್ವಾ, ನಾಲ್ಕು ಮಾತು ಬರೆದುಕೊಡಿ" ಅಂದರು. ಅವರು ನಾಲ್ಕು ಮಾತಿನಲ್ಲಿ ಮುಗಿಯುವ ಮನುಷ್ಯ ಅಲ್ಲ. ಆದರೂ ಬರೆಯುತ್ತೇನೆ. ಇದು ಬರೆಯಲೇಬೇಕಾದ ಋಣ.

ಅವರು ಕಲಿಸುತ್ತಿದ್ದದ್ದು ಗಣಿತ. ಆ ಗಣಿತದಲ್ಲಿ ನನಗೀಗ ಒಂದು ಪ್ರಮೇಯವೂ ನೆನಪಿಲ್ಲ. ನೆನಪಿರುವುದು ಅವರ ಹಾಜರಿ. ಬೆಳಿಗ್ಗೆ ಬೇರೆಯವರು ನಂಬರ್ ಕೂಗಿ ಮುಗಿಸುತ್ತಿದ್ದರು. ಮಧ್ಯಾಹ್ನದ ಹಾಜರಿ ಇವರದ್ದು. 41 ಹೆಸರನ್ನೂ ಇನಿಶಿಯಲ್ ಸಮೇತ ಕೂಗುವರು. ಒಂದೊಂದು ಹೆಸರಿಗೂ ಕನ್ನಡಕ ಸರಿಮಾಡಿಕೊಂಡು ಮುಖ ನೋಡುವರು. ಆಮೇಲೆಯೇ ಗುರುತು.

1979ರಲ್ಲಿ ನಾವು ಒಂಬತ್ತನೇ ಕ್ಲಾಸು. ಮಂಗಳೂರಿನಲ್ಲಿ ಆಗ ಹಂಚಿನ ಕಾರ್ಖಾನೆಗಳ ಹೊಗೆ ಇನ್ನೂ ಜೋರಾಗಿತ್ತು. ನನ್ನ ಅಪ್ಪ ಹಂಚಿನ ಕೆಲಸದವರು, ಅಜ್ಜನೂ ಅದೇ ಕೆಲಸದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಈ ಊರಿಗೆ ಬಂದು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರಿಂದ ನಮ್ಮಂಥ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಕ್ಲಾಸಿನಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳಿದ್ದರು.

ಆ ವರ್ಷ ಒಂದು ಸೋಮವಾರದಿಂದ ಮೂರು ದಿನ ಮಾಸ್ಟ್ರು ರಜೆಯಲ್ಲಿದ್ದರು. ಅದೇ ವಾರ 23ನೇ ನಂಬರಿನ ಹುಡುಗ ಶಾಲೆಗೆ ಬರಲಿಲ್ಲ. ಕಡೆಯ ಬೆಂಚಿನವನು, ಮಾತು ಕಡಿಮೆ. ಸೋಮವಾರ "ಇಪ್ಪತ್ಮೂರು" ಅಂತ ಕೂಗಿದಾಗ ನಾನು ಸ್ವರ ಬದಲಾಯಿಸಿ "ಹಾಜರ್ ಸಾರ್" ಅಂದೆ. ಸುಮ್ನೆ ತಮಾಷೆಗೆ. ಕೂಗಿದವರ ಕಣ್ಣು ರಿಜಿಸ್ಟರಿನಿಂದ ಮೇಲೆ ಬರಲಿಲ್ಲ. ಮಂಗಳವಾರ ಇನ್ನೊಬ್ಬ ಹೇಳಿದ, ಬುಧವಾರ ಮತ್ತೊಬ್ಬ. ಅಷ್ಟು ದಿನವೂ ಆ ಹುಡುಗ ಎಲ್ಲಿದ್ದಾನೆ ಅಂತ ನಮ್ಮಲ್ಲಿ ಒಬ್ಬನೂ ಕೇಳಲಿಲ್ಲ. ಈಗ ನೆನೆದರೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಗುರುವಾರ ಮಧ್ಯಾಹ್ನ ಮಾಸ್ಟ್ರು ಬಂದರು. ಹೆಸರು ಕೂಗಿದರು. ಖಾಲಿ ಜಾಗ ನೋಡಿದರು. ರಿಜಿಸ್ಟರ್ ನೋಡಿದರು. ಆ ದಿನ ಬೆಳಿಗ್ಗೆಯದೂ ಸೇರಿ ನಾಲ್ಕು ದಿನವೂ ಹಾಜರಿ ಬಿದ್ದಿತ್ತು.

"ಅವನ ಸ್ವರ ಯಾರು ಕೊಟ್ಟದ್ದು?"

ಯಾರೂ ಉಸಿರೆತ್ತಲಿಲ್ಲ. ಕೊನೆಗೆ ನಾನೇ ಎದ್ದು ನಿಂತೆ. ಬೆತ್ತ ಮೇಜಿನ ಮೇಲೆಯೇ ಇತ್ತು, ಅವರು ಮುಟ್ಟಲಿಲ್ಲ. ಉಳಿದವರಿಗೆ ಹತ್ತು ಲೆಕ್ಕ ಬರೆದು ಹಾಕಿದರು. "ಬಾ, ಹುಡುಕಿಕೊಂಡು ಬರುವ" ಅಂತ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರು. ಪರೀಕ್ಷೆ ಹತ್ತಿರವಿತ್ತು. ನಲವತ್ತು ಜನರ ಪಾಠ ಬಿಟ್ಟು ಒಬ್ಬನಿಗಾಗಿ ಹೋದದ್ದಕ್ಕೆ ಆಮೇಲೆ ಅವರು ಮಾತು ಕೇಳಬೇಕಾಯಿತು.

ಹುಡುಗ ಸಿಕ್ಕಿದ್ದು ಬಂದರಿನ ದಕ್ಕೆಯಲ್ಲಿ. ಮೊಣಕಾಲುದ್ದ ನೀರಿನಲ್ಲಿ ನಿಂತು ಐಸ್ ಒಡೆಯುತ್ತಿದ್ದ. ಅಪ್ಪ ಹಾಸಿಗೆ ಹಿಡಿದಿದ್ದರಂತೆ. ಬೆರಳುಗಳು ತಣ್ಣಗೆ ಬಿಳಿಚಿಕೊಂಡಿದ್ದವು. ಮುಂಗೈ ತುಂಬ ಬಂಗುಡೆಯ ಪೊರೆ ಅಂಟಿ ಬಿಸಿಲಿಗೆ ಮಿನುಗುತ್ತಿತ್ತು. ಮಾಸ್ಟ್ರು ಶಾಲೆಯ ಸುದ್ದಿ ಎತ್ತಲಿಲ್ಲ. ಮೀನಿನ ಬುಟ್ಟಿಯೊಂದನ್ನು ಕವುಚಿ ಹಾಕಿ ಅದರ ಮೇಲೆ ಕೂತು, "ಊಟ ಆಯ್ತಾ?" ಅಂತ ಕೇಳಿದರು. ಆಗಿರಲಿಲ್ಲ. ಮೂವರೂ ಗೂಡಂಗಡಿಯಲ್ಲಿ ಗೋಳಿಬಜೆ ತಿಂದೆವು. ಅವನು ಎರಡು ಪ್ಲೇಟ್ ತಿಂದ. ಆ ಸಂಜೆ ಮಾಸ್ಟ್ರು ಅವನ ಅಮ್ಮನ ಹತ್ತಿರ ಏನು ಮಾತಾಡಿದರೋ ಗೊತ್ತಿಲ್ಲ. ಸೋಮವಾರದಿಂದ ಹುಡುಗ ನಸುಕಿನಲ್ಲಿ ದಕ್ಕೆಗೆ ಹೋಗಿ, ಅಲ್ಲಿಂದ ನೇರ ಶಾಲೆಗೆ ಬರತೊಡಗಿದ. ಮೀನಿನ ವಾಸನೆ ಅಂತ ಕೆಲವರು ದೂರ ಸರಿದರು. ಮಾಸ್ಟ್ರು ಅವನನ್ನು ಮೊದಲ ಬೆಂಚಿಗೆ ತಂದು ಕೂರಿಸಿದರು.

ಅದೇ ವಾರ ಅವರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಸುವಾರ್ತೆಯಲ್ಲಿ ಎರಡು ಕಾಸಿಗೆ ಐದು ಗುಬ್ಬಿ. "ಲೆಕ್ಕ ಸರಿ ಉಂಟಾ?"

"ನಾಲ್ಕು ಬರಬೇಕಲ್ಲ ಸಾರ್" ಅಂದೆ ನಾನು. ಲೆಕ್ಕದಲ್ಲಿ ನಾನು ಯಾವಾಗಲೂ ಮುಂದೆ.

"ಹಾಗಾದರೆ ಐದನೆಯದು?"

ಮೊದಲ ಬೆಂಚಿನಿಂದ ಮೆಲ್ಲನೆ ಉತ್ತರ ಬಂತು. "ಕೊಸರು, ಸಾರ್." ಕೊಂಡದ್ದರ ಮೇಲೆ ಬಿಟ್ಟಿಯಾಗಿ ಹಾಕಿಕೊಡುವುದು. ಮೀನು ಎಣಿಸಿ ಕೊಡುವವನಿಗೆ ಅದು ಗೊತ್ತಿರದೆ ಇರುತ್ತದೆಯೇ?

ಮಾಸ್ಟ್ರ ಮುಖ ಅರಳಿತು. "ಕೊಸರು! ಅದಕ್ಕೆ ಅರ್ಧ ಕಾಸಿನ ಬೆಲೆಯೂ ಇಲ್ಲ. ಆದರೆ ಯೇಸುಸ್ವಾಮಿ ಹೇಳ್ತಾರೆ, ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ. ಆ ಐದನೆಯದನ್ನೂ. ನೀವು ಗುಬ್ಬಿಗಿಂತ ಎಷ್ಟು ಹೆಚ್ಚಿನವರು ಗೊತ್ತುಂಟಾ ಮಕ್ಕಳೇ?" ಹೇಳುವಾಗ ಅವರ ಗಂಟಲು ಕಟ್ಟಿತ್ತು. ಗುಬ್ಬಿ ಮಾಸ್ಟ್ರು ಅನ್ನುವ ಹೆಸರು ಬಿದ್ದದ್ದು ಅವತ್ತೇ.

ಇನ್ನೊಂದು ದಿನ ನಾನು ಕೇಳಿದೆ, ಸುವಾರ್ತೆಯಲ್ಲಿ ಲೋಕವನ್ನೆಲ್ಲ ಗಳಿಸಿ ಪ್ರಾಣ ಕಳಕೊಂಡರೆ ಏನು ಲಾಭ ಅಂತ ಉಂಟಲ್ಲ, ಅಲ್ಲಿ ಆತ್ಮ ಅಂತ ಯಾಕಿಲ್ಲ ಅಂತ. ಅವರು ಅದಕ್ಕೆ ಇಡೀ ಪೀರಿಯಡ್ ಕೊಟ್ಟರು. 1894ರಲ್ಲಿ ಇದೇ ಊರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಲೈಬ್ರರಿಯಿಂದ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು 'ಪ್ರಾಣ' ಓದಿಸಿದರು. ಮೂಲದ ಗ್ರೀಕ್ ಪದ ಒಂದೇ, ಪ್ರಾಣವೂ ಅದೇ, ಆತ್ಮವೂ ಅದೇ ಅಂದರು. ಹಸಿವಾಗುವ, ಅಳುವ, ಹೆಸರು ಕರೆದರೆ ತಿರುಗಿ ನೋಡುವ ಇಡೀ ಮನುಷ್ಯನ ಬಗ್ಗೆಯೇ ಆ ಮಾತು ಅಂದರು. ದಕ್ಕೆಯಲ್ಲಿ ಮೊದಲು ಊಟ ಯಾಕೆ ಕೇಳಿದರು ಅಂತ ನನಗೆ ಆಗ ತಿಳಿಯಿತು.

ಮುಂದೆ ನಾನು ಬ್ಯಾಂಕ್ ಸೇರಿದೆ. 34 ವರ್ಷ ದುಡಿದು ಮುಖ್ಯ ವ್ಯವಸ್ಥಾಪಕನಾಗಿ ನಿವೃತ್ತನಾದೆ. ನಮ್ಮ ಕಡೆಯ ಹೆಂಗಸರು ಅಡವಿಟ್ಟ ಸರ ಬಿಡಿಸಿಕೊಳ್ಳಲು ಬರುತ್ತಿದ್ದರು. ಬಡ್ಡಿ ಸೇರಿಸಿದರೆ ಹೊಸದೇ ಬರುತ್ತದೆ ಅಂದರೂ ಒಬ್ಬ ಅಜ್ಜಿ ಕೇಳಲಿಲ್ಲ. "ಅದು ನನ್ನದು ಮಗ" ಅಂತ ಚಿಲ್ಲರೆ ಎಣಿಸಿದರು. ನಮ್ಮ ಸತ್ಯವೇದ ಬೈಬಲಿನಲ್ಲೂ ಇದೇ ಮಾತುಗಳಿವೆ, ಈಡು, ಬಿಡಿಸಿಕೊಳ್ಳುವುದು. ಬೆಳ್ಳಿ ಬಂಗಾರ ಕೊಟ್ಟಲ್ಲ, ಕ್ರಿಸ್ತನು ತನ್ನ ಪ್ರಾಣವನ್ನೇ ಈಡು ಕೊಟ್ಟು ನಮ್ಮನ್ನು ಬಿಡಿಸಿಕೊಂಡ ಅಂತ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಆ ವಚನಗಳು ನನಗೆ ಮನದಟ್ಟಾದದ್ದು ಆ ಕೌಂಟರಿನಲ್ಲಿ. ನನ್ನ ಶಾಖೆಯಲ್ಲಿ ಯಾರನ್ನೂ ಟೋಕನ್ ನಂಬರಿನಿಂದ ಕರೆಯಲು ನಾನು ಬಿಡಲಿಲ್ಲ. ಅದು ಮಾಸ್ಟ್ರು ಹಾಕಿಕೊಟ್ಟ ದಾರಿ.

ಈಗಿನ ಶಾಲೆಗಳ ಗೇಟಿನಲ್ಲಿ ಫ್ಲೆಕ್ಸ್ ನೋಡುತ್ತೇನೆ. ಶೇಕಡಾ 98, ಶೇಕಡಾ 97, ನಗುವ ಫೋಟೋಗಳು. ಆ ಮಕ್ಕಳ ಬಗ್ಗೆ ಸಂತೋಷವೇ. ಆದರೆ ಫೋಟೋ ಇಲ್ಲದ ಮಕ್ಕಳೂ ದಿನಾ ಅದೇ ಗೇಟಿನಿಂದ ಒಳಗೆ ಹೋಗುತ್ತಾರಲ್ವಾ? ಬೆರಳೊತ್ತಿದರೆ ಹಾಜರಿ ಬೀಳುತ್ತದೆ. ಮುಖ ನೋಡುವವರು ಯಾರು?

ಮಾಸ್ಟ್ರ ಶವಸಂಸ್ಕಾರಕ್ಕೆ ನಮ್ಮ ಬ್ಯಾಚಿನ ಹನ್ನೊಂದು ಜನ ಬಂದಿದ್ದೆವು. ಸಮಾಧಿಗೆ ಮಣ್ಣು ಹಾಕುವಾಗ ಪಕ್ಕದಲ್ಲಿ ಒರಟು ಕೈಯೊಂದು ಕಂಡಿತು. ಅವನೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾಗಿ ಬೋಟಿಗೆ ಹೋದವನು. ಮಾಸ್ಟ್ರು ಪ್ರತಿ ಕ್ರಿಸ್ಮಸ್‌ಗೆ ಅವನ ಮನೆಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಕಳಿಸುತ್ತಿದ್ದರಂತೆ, ಕಳೆದ ವರ್ಷದವರೆಗೂ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪು ಮಾಡಿದವನು ನಾನೇ. ಅದರಲ್ಲಿ ಅವನ ಹೆಸರು ಇರಲಿಲ್ಲ. ಅಲ್ಲೇ ನಿಂತು ಅವನ ನಂಬರ್ ಬರೆದುಕೊಂಡೆ.

"ಈಗ ಫೋನ್ ಮಾಡಿದರೆ ಸಿಗ್ಲಿಕ್ಕಿಲ್ಲ ಮಾರಾಯ, ಸಮುದ್ರದಲ್ಲಿರ್ತೇನೆ" ಅಂದ. "ಜೂನ್ ಒಂದರಿಂದ ಬೋಟು ದಡದಲ್ಲೇ. ಆಗ ಮನೆಗೆ ಬಾ."