ಸಿಂಹ ಅದಾವ, ರಾಜ ಎಲ್ಲಿದ್ದಾನ?

ಅಣ್ಣನ ಮಗಳು ಹತ್ತು ರೂಪಾಯಿ ನಾಣ್ಯ ತಿರುಗಿಸಿ ತಿರುಗಿಸಿ ನೋಡಿ, "ಕಾಕಾ, ಸಿಂಹ ಅದಾವ, ರಾಜ ಎಲ್ಲಿದ್ದಾನ?" ಅಂದಳು. ನಾನು ಶುರು ಹಚ್ಚಿಕೊಂಡೆ: ಇದು ಸಾರನಾಥದಲ್ಲಿ ಅಶೋಕ ನಿಲ್ಲಿಸಿದ ಕಂಬದ ತುದಿ, ಕಾಣೋದು ಮೂರು ಸಿಂಹ, ನಾಲ್ಕನೆಯದು ಹಿಂದಿದೆ, 1950ರ ಜನವರಿ 26ಕ್ಕೆ ರಾಷ್ಟ್ರಲಾಂಛನ ಆಯ್ತು, ಹೀಗೆ. ಅವಳಿಗೆ ಅದ್ಯಾವುದೂ ಬೇಡ. ರಾಜನ ಮುಖ ಬೇಕು. ನನಗೋ ಅಶೋಕ ಅಂದ ಕೂಡಲೇ ನೆನಪಾಗೋದು ಸಿನಿಮಾದಲ್ಲಿ ಅಶೋಕನಾದ ಶಾರುಖ್ ಖಾನ್!

ಆಮೇಲೆ ನಾಚಿಕೆಯಾಯ್ತು. ನಮ್ಮ ಮನೆದೇವರು ಸನ್ನತಿಯ ಚಂದ್ರಲಾಂಬೆ. ಕಲಬುರಗಿಯಿಂದ ವರ್ಷಕ್ಕೊಮ್ಮೆಯಾದರೂ ಹೋಗುತ್ತೇವೆ, ಕಾಯಿ ಒಡೆಸುತ್ತೇವೆ, ಭೀಮಾ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಸುಮ್ನೆ ವಾಪಸ್ ಬರುತ್ತೇವೆ. ಪಕ್ಕದ ಕನಗನಹಳ್ಳಿಗೆ ಒಮ್ಮೆಯೂ ಹೋಗಿಲ್ಲ. ಅಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅದರ ಒಂದು ಕಲ್ಲಿನಲ್ಲಿ ರಾಜ, ಪಕ್ಕದಲ್ಲಿ ರಾಣಿ, ಚಾಮರ ಮತ್ತು ಛತ್ರಿ ಹಿಡಿದ ಸೇವಕಿಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೊ" ಅಂತ ಹೆಸರನ್ನೂ ಕೊರೆದಿದ್ದಾರೆ. ಹೆಸರು ಇರೋದೇ ಇಲ್ಲಿ ದೊಡ್ಡ ಮಾತು. ಇಲ್ಲದಿದ್ದರೆ ಯಾವನೋ ಒಬ್ಬ ರಾಜ ಅಂತ ಮುಂದೆ ಹೋಗುತ್ತಿದ್ದೆವು, ಅಲ್ವಾ? ಹಾಗಂತ ಇದು ಅವನನ್ನು ಎದುರಿಗೆ ಕೂರಿಸಿಕೊಂಡು ಕೆತ್ತಿದ್ದಲ್ಲ, ಅವನು ಹೋಗಿ ಎಷ್ಟೋ ಕಾಲ ಆದಮೇಲೆ ಶಾತವಾಹನರ ದಿನಗಳಲ್ಲಿ ಆದ ಕೆಲಸ.

ಇನ್ನೊಂದು ಕಥೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. 1986ರಲ್ಲಿ ಸನ್ನತಿಯ ಗುಡಿ ಆವರಣದಲ್ಲೇ ಇದ್ದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗೆ ಪೀಠಕ್ಕೆ ಹಾಕಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಯಾವ ಕಾಲದಲ್ಲೋ ಯಾರೋ ಗಟ್ಟಿ ಚಪ್ಪಡಿ ಸಿಕ್ಕಿತು ಅಂತ ತಂದು ಕೂರಿಸಿದ್ದಾರೆ, ನಮ್ಮ ಮುತ್ತಜ್ಜಂದಿರೆಲ್ಲ ಅಮ್ಮನಿಗೆ ಕೈ ಮುಗಿಯುತ್ತಾ ಅಶೋಕನಿಗೂ ಮುಗಿದು ಬಂದಿದ್ದಾರೆ, ಗೊತ್ತೇ ಇಲ್ಲದೆ. ಮಾಳಿಗೆ ಬಿದ್ದಿದ್ದಕ್ಕೆ ಖುಷಿ ಪಡಬಾರದು, ಆದರೂ.

ಕೊನೆಗೆ ಮೊಬೈಲಿನಲ್ಲಿ ಕನಗನಹಳ್ಳಿಯ ಆ ಕಲ್ಲಿನ ಫೋಟೊ ಹುಡುಕಿ ಅವಳ ಕೈಗೆ ಕೊಟ್ಟೆ. ನಾಣ್ಯ ಪಕ್ಕಕ್ಕಿಟ್ಟು, ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ರಾಜನ ಬಗ್ಗೆ ಒಂದು ಮಾತೂ ಇಲ್ಲ.

"ಕಾಕಾ, ಛತ್ರಿ ಹಿಡದಾಕಿಗಿ ಕೈ ನೋಯಂಗಿಲ್ಲೇನು?"