ಗಾಡಿ ಜಾಡಿನಲ್ಲಿ ಸೋರಿದ ಜೋಳ

ಬೆಟಗೇರಿಯ ಗೆಳೆಯನ ಮನೆಯಲ್ಲಿ ಮೊನ್ನೆ ಬೈಬಲ್ ತೆಗೆದು ಸುಮ್ನೆ ಓದುತ್ತಾ ಕೂತಿದ್ದೆ. 65ನೇ ಕೀರ್ತನೆ. ದೇವರು ವರ್ಷಕ್ಕೆ ಸಮೃದ್ಧಿಯ ಕಿರೀಟ ಇಡುತ್ತಾನೆ, ಅವನು ಹಾದುಹೋದ ದಾರಿಯಲ್ಲಿ ಕೊಬ್ಬು ತೊಟ್ಟಿಕ್ಕುತ್ತದೆ ಅಂತ ಅದರಲ್ಲಿದೆ. ಈ ದಾರಿಗೆ ಹೀಬ್ರೂ ಮೂಲದಲ್ಲಿರುವ ಪದ ಮಅಗಾಲ್. ಗಾಡಿಯ ಗಾಲಿ ಕೊರೆದ ಜಾಡು ಅಂತಲೂ ಅದಕ್ಕೆ ಅರ್ಥವಂತೆ. ಅಷ್ಟು ಗೊತ್ತಾದ ಮೇಲೆ ಮುಂದೆ ಓದಲು ಆಗಲೇ ಇಲ್ಲ.

ಅಣ್ಣಿಗೇರಿ ಹತ್ತಿರ ನಮ್ಮ ಹೊಲ. ಅಪ್ಪಟ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹಸಿ ಇದ್ದಾಗ ಗಾಡಿ ಹೊಡೆದರೆ ಗಾಲಿ ಅರ್ಧ ಮೊಳ ಹೂಳುತ್ತಿತ್ತು, ಬೇಸಿಗೆ ಬರುವಷ್ಟರಲ್ಲಿ ಅದೇ ಜಾಡು ಕಲ್ಲಿನಂತೆ ಗಟ್ಟಿ. ಕಣದಲ್ಲಿ ಜೋಳ ಅಳೆಯುವಾಗ ಅಜ್ಜ ಒಂದು ಅಂತ ಎಣಿಸುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ, ಆಮೇಲೆ ಎರಡು. ರಾಶಿ ಮುಗಿಸಿ ಚೀಲ ಹೇರಿಕೊಂಡು ಬರುವಾಗ ಗಾಡಿ ಆ ಜಾಡಿನಲ್ಲಿ ಕುಲುಕಾಡಿ, ಯಾವುದೋ ಚೀಲದ ತೂತಿನಿಂದ ಜೋಳ ಸೋರಿ, ಊರ ತನಕ ರಂಗೋಲಿ ಎಳೆ ಬಿಟ್ಟ ಹಾಗೆ ಬಿದ್ದಿರುತ್ತಿತ್ತು. ಆಯಲು ಇಳಿದರೆ ಅಜ್ಜ ಬಿಡುತ್ತಿರಲಿಲ್ಲ. "ಇರಲಿ ಬಿಡೋ ತಮ್ಮಾ, ಗುಬ್ಬಿಗೂ ಬೇಕಲ್ಲ."

ಬೈಬಲ್‌ನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲೂ ಇದೇ ಮಾತು ಸಿಕ್ಕಿತು. ಹೊಲದಲ್ಲಿ ಒಂದು ಸಿವುಡು ಮರೆತು ಬಂದರೆ ತರಲು ಹಿಂದೆ ಹೋಗಬೇಡ, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಇರಲಿ, ಆಗ ದೇವರು ನಿನ್ನ ಕೆಲಸವನ್ನೆಲ್ಲ ಹರಸುತ್ತಾನೆ. ಬೈಬಲ್‌ನಲ್ಲೇ ಬರುವ ವಿಧವೆ ರೂತಳು ಬೆಥ್ಲೆಹೇಮಿನ ಹೊಲದಲ್ಲಿ ಕೊಯ್ಲಿನವರು ಬಿಟ್ಟ ಜವೆಗೋಧಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದೂ ಇಂಥದೇ ಪದ್ಧತಿಯಿಂದ ಅಲ್ವಾ?

ಮಳೆಯ ಮಾತಂತೂ ನಮ್ಮದೇ. ಧರ್ಮೋಪದೇಶಕಾಂಡದ 11ನೇ ಅಧ್ಯಾಯ ಇಸ್ರಾಯೇಲರಿಗೆ ಹೇಳುತ್ತದೆ, ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಬಿತ್ತಿ ನೀವೇ ನೀರು ಹಾಯಿಸಬೇಕಿತ್ತು, ನೀವೀಗ ಹೋಗಿ ಸೇರುವ ನಾಡು ಆಕಾಶದ ಮಳೆಯನ್ನೇ ಕುಡಿಯುತ್ತದೆ ಅಂತ. ಯೋರೆ, ಮಲ್ಕೋಶ್ ಅಂತ ಅಲ್ಲಿ ಎರಡು ಮಳೆ. ಕನ್ನಡ ಬೈಬಲ್‌ನಲ್ಲಿ ಅವೇ ಮುಂಗಾರು, ಹಿಂಗಾರು. ಆದರೆ ಅವರ ಮುಂಗಾರು ಬೀಳುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ, ಅಂದರೆ ನಾವು ಹಿಂಗಾರಿ ಜೋಳ, ಕಡಲೆ ಬಿತ್ತಿ ಮುಗಿಲು ನೋಡುವ ಕಾಲಕ್ಕೆ! ಮಾರ್ಚ್, ಏಪ್ರಿಲ್‌ನ ಮಲ್ಕೋಶ್ ಬಂದರೆ ಕಾಳು ತುಂಬುತ್ತದೆ. ಒಂದು ಕೈಕೊಟ್ಟರೂ ವರ್ಷ ಹೋಯ್ತು. ಆಶೀರ್ವಾದ ಅಂದ ಕೂಡಲೇ ಅವರಿಗೆ ಮಳೆ ಯಾಕೆ ನೆನಪಾಗುತ್ತಿತ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಫೋನಿನಲ್ಲಿ ಅಪ್ಪನಿಗೆ ಆ ಕೀರ್ತನೆಯ ಕೊನೆಯ ಸಾಲುಗಳನ್ನು ಓದಿದೆ. ದೇವರು ನೇಗಿಲಗೆರೆಗೆ ನೀರುಣಿಸಿ, ಹೆಂಟೆ ಕರಗಿಸಿ, ಮೊಳಕೆ ಹರಸುವುದು, ತಗ್ಗಿನ ಹೊಲಗಳು ತೆನೆ ಹೊದ್ದುಕೊಂಡು ಹಾಡುವುದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಅವರದೂ ಎರಿ ಹೊಲ ಏನೋ?"