ಮಾವನ ಕಾಲು, ಅಳಿಯನ ಮಿದುಳು

ನಮ್ಮ ಬದಿಯಡ್ಕ ಕಡೆ ಆಸ್ತಿಯು ಸೋದರಮಾವನಿಂದ ಅಳಿಯನಿಗೆ ಸಲ್ಲುತ್ತಿದ್ದ ಅಳಿಯಕಟ್ಟಿನ ಕಾಲ ಮುಗಿದಿದೆ. ನಮ್ಮ ಮನೆಯಲ್ಲಿ ಕಾಲಿನ ದೌರ್ಬಲ್ಯ ಮಾತ್ರ ಇನ್ನೂ ಹೆಂಗಸರ ಮೂಲಕವೇ ಇಳಿಯುತ್ತಿದೆ: ಅಮ್ಮನಿಂದ ನನಗೂ ಅಕ್ಕನಿಗೂ, ಅಕ್ಕನಿಂದ ಅವಳ ಮಗನಿಗೂ. ಅಕ್ಕ ಇಂದಿಗೂ ಅಡಿಕೆ ತೋಟದ ಸಂಕವನ್ನು ಸಲೀಸಾಗಿ ದಾಟುತ್ತಾಳೆ. ನನಗಾದರೋ ಹೈಸ್ಕೂಲಿನಲ್ಲೇ ಚಪ್ಪಲಿ ಕಾಲಿನಿಂದ ಜಾರತೊಡಗಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಸುರಿದುದನ್ನು ಕಂಡ ಊರಾದ್ದರಿಂದ ನೆರೆಯವರು ಅದನ್ನೇ ಕಾರಣವೆಂದು ನಂಬಿದ್ದರು, ಹಾಗೆ ನಂಬಿದ್ದಕ್ಕೆ ಅವರನ್ನು ನಾನು ದೂರಲಾರೆ.

1886ರಲ್ಲಿ ಪ್ಯಾರಿಸ್ಸಿನ ಷಾರ್ಕೋ ಮತ್ತು ಮೇರಿ ಒಂದು ಕಡೆ, ಇಂಗ್ಲೆಂಡಿನ ಟೂತ್ ಇನ್ನೊಂದು ಕಡೆ ವರ್ಣಿಸಿದ ಈ ಕಾಯಿಲೆಗೆ ಆ ಮೂವರ ಹೆಸರೇ ಉಳಿದಿದೆ: ಷಾರ್ಕೋ-ಮೇರಿ-ಟೂತ್. ಇದು ಕೈಕಾಲುಗಳ ನರಗಳಿಗೆ ಸೀಮಿತ, ತಲೆಗೂ ಇದಕ್ಕೂ ಸಂಬಂಧವಿಲ್ಲ ಎಂದೇ ನಾನು ತಿಳಿದಿದ್ದೆ.

ಹದಿನಾಲ್ಕರ ಅಳಿಯನಿಗೆ ಕಳೆದ ಮಳೆಗಾಲದಲ್ಲಿ ಮೂರು ದಿನ ಜ್ವರವಿತ್ತು. ಜ್ವರ ಇಳಿಯುತ್ತಿದ್ದ ಸಂಜೆ ಅವನ ನಾಲಗೆ ತೊದಲಿತು, ಬಲಗೈ ಜೋತುಬಿತ್ತು. ಕೆಲವು ಗಂಟೆಗಳಲ್ಲಿ ಸರಿಯಾದದ್ದು ಮರುದಿನ ಎಡಗೈಯಲ್ಲಿ ಕಾಣಿಸಿಕೊಂಡಿತು. ಮಂಗಳೂರಿಗೆ ಒಯ್ದಾಗ ಮೊದಲು ಕೇಳಿಬಂದ ಮಾತು ಪಾರ್ಶ್ವವಾಯು. ಎಂಆರ್‌ಐಯಲ್ಲಾದರೋ ಮಿದುಳಿನ ಎರಡೂ ಬದಿಯ ಬಿಳಿ ಭಾಗದಲ್ಲಿ ಕನ್ನಡಿ ಹಿಡಿದಂತೆ ಸಮನಾದ ಕಲೆಗಳಿದ್ದವು, ಮುಚ್ಚಿಹೋದ ರಕ್ತನಾಳ ಒಂದೂ ಇರಲಿಲ್ಲ. ನನ್ನ ಕಾಲುಗಳನ್ನು ನೋಡಿದ ಮೇಲೆ ನರತಜ್ಞರು ವಂಶವಾಹಿ ಪರೀಕ್ಷೆ ಬರೆದರು.

ದೋಷವಿರುವುದು ಎಕ್ಸ್ ವರ್ಣತಂತುವಿನ ಜಿಜೆಬಿ1 ಎಂಬ ವಂಶವಾಹಿಯಲ್ಲಿ. ಅದು ರೂಪಿಸುವ ಕನೆಕ್ಸಿನ್ 32 ಎಂಬ ಪ್ರೋಟೀನು ನರದ ಹೊದಿಕೆಯಾದ ಮಯಲಿನ್‌ನಲ್ಲಿ ಸಣ್ಣ ಕಿಂಡಿಗಳಾಗಿ ಕೆಲಸ ಮಾಡುತ್ತದೆ. ಕೈಕಾಲಿನ ನರಗಳಿಗೆ ಈ ಹೊದಿಕೆಯನ್ನು ಸುತ್ತುವವು ಶ್ವಾನ್ ಕೋಶಗಳು, ಮಿದುಳಿನಲ್ಲಿ ಆಲಿಗೊಡೆಂಡ್ರೊಸೈಟ್‌ಗಳು. ಕೋಶಗಳು ಬೇರೆಯಾದರೂ ಎರಡಕ್ಕೂ ಈ ಕಿಂಡಿ ಬೇಕು. ಮಿದುಳಿನಲ್ಲಿ ಕನೆಕ್ಸಿನ್ 47 ಎಂಬ ಇನ್ನೊಂದು ಪ್ರೋಟೀನೂ ಇರುವುದರಿಂದ ಸಾಮಾನ್ಯ ದಿನಗಳಲ್ಲಿ ಕೊರತೆ ಹೊರಗೆ ಕಾಣುವುದಿಲ್ಲ. ಜ್ವರ, ಅತಿಯಾದ ಶ್ರಮ, ಎತ್ತರದ ಬೆಟ್ಟದ ಪ್ರಯಾಣ ಇವುಗಳ ಬೆನ್ನಿಗೆ ಹೆಚ್ಚಾಗಿ ಕೆಲವರಲ್ಲಿ ಇಂಥ ಆಘಾತ ಕಾಣಿಸಿಕೊಂಡು ತಾನಾಗಿಯೇ ಇಳಿಯುತ್ತದೆ. ಈ ಕಾಯಿಲೆಯ ಅತಿ ಸಾಮಾನ್ಯ ಬಗೆಯಾದ 1ಎಯಲ್ಲಿ ದೋಷವಿರುವುದು ಮುಖ್ಯವಾಗಿ ಶ್ವಾನ್ ಕೋಶದಲ್ಲಿ ದುಡಿಯುವ ಪಿಎಂಪಿ22 ಎಂಬ ವಂಶವಾಹಿಯಲ್ಲಿ, ಅಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ.

ಹುಡುಗ ಹತ್ತು ದಿನದಲ್ಲಿ ಶಾಲೆಗೆ ಹೋದ, ಕೆಲವು ತಿಂಗಳ ಮೇಲೆ ತೆಗೆದ ಚಿತ್ರದಲ್ಲಿ ಕಲೆಗಳು ಬಹುಪಾಲು ಮಾಸಿದ್ದವು. ಬುದ್ಧಿ ಕುಂದೀತೇ ಎಂಬುದು ಅಕ್ಕನ ಮೊದಲ ಪ್ರಶ್ನೆಯಾಗಿತ್ತು. ಈ ಕಾಯಿಲೆಯವರಲ್ಲಿ ಬಹುತೇಕರ ಬುದ್ಧಿಶಕ್ತಿ ಎಲ್ಲರಂತೆಯೇ ಇರುತ್ತದೆ; ನೋವು ಮತ್ತು ಆಯಾಸದಿಂದ ಗಮನ ತಪ್ಪುವುದನ್ನೇ ಶಾಲೆಯಲ್ಲಿ ದಡ್ಡತನವೆಂದು ಬಗೆಯುತ್ತಾರೆ, ಅದನ್ನು ನಾನು ಸಾಕಷ್ಟು ಉಂಡಿದ್ದೇನೆ.

ಈಗ ಅವನ ತರಗತಿಯವರು ಮನಾಲಿಗೆ ಹೊರಟಿದ್ದಾರೆ. ಅಲ್ಲಿಂದ ಸುಮಾರು 3,980 ಮೀಟರ್ ಎತ್ತರದ ರೋಹ್ತಾಂಗ್‌ಗೂ ಹೋಗುವ ಯೋಜನೆಯಿದೆ. ವೈದ್ಯರು ಬೇಡವೆಂದರು, ಅವನು ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ.